ಮೊಗೆ ಬಳ್ಳಿಯ ಮೇಲೆ ಕೀಚಕ

ನಮ್ಮ ಮನೆಯ ಮೊಗೆ ಬಳ್ಳಿಗೆ ನವಿಲು ಬಾರದಿರಲಿ ಎಂದು ಹೋದ ಬೇಸಿಗೆಯಲ್ಲಿ ಕಟ್ಟಿದ್ದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು. 2012ರಲ್ಲಿ ಪದ್ಮಶ್ರೀ ಪಡೆದ ಯಕ್ಷಗಾನ ಕಲಾವಿದರ ಕೀಚಕ ನಮ್ಮ ಶಿರಸಿ ಸೀಮೆಯ ಹಿತ್ತಿಲಲ್ಲಿ ಕಂದು ಬಣ್ಣದ ಟೇಪಾಗಿ ಗಾಳಿಗೆ ಫರಫರ ಎನ್ನುತ್ತಿದ್ದ. ಕಟ್ಟಿದವಳು ಆಯಿ. ಕಟ್ಟಲು ಧೈರ್ಯ ಕೊಟ್ಟವನು ನಾನು.

ಅಪ್ಪಯ್ಯ ಹರೆಯದಲ್ಲಿ ಆಟಕ್ಕೆ ಹೋಗುವಾಗ ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ಹೊರಡುತ್ತಿದ್ದ. ಸಿದ್ದಾಪುರ, ಕುಮಟಾ, ಹೊನ್ನಾವರ, ಎಲ್ಲಿ ಚಂಡೆ ಕೇಳಿದರೂ ಅಲ್ಲಿ ರಂಗದ ಪಕ್ಕ ಕುಕ್ಕರಗಾಲಲ್ಲಿ ಕೂತು ಗುಂಡಿ ಒತ್ತುವುದು. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ನಲವತ್ತೈದು ನಿಮಿಷಕ್ಕೊಮ್ಮೆ ಮಗುಚಬೇಕು. ರಾತ್ರಿಯಿಡೀ ನಡೆಯುವ ಆಟಕ್ಕೆ ಆರು ಕ್ಯಾಸೆಟ್ಟು. ಮಗುಚುವ ಹೊತ್ತಿಗೇ ವೇಷಧಾರಿ ಒಳ್ಳೆಯ ಮಾತಾಡಿಬಿಡುತ್ತಿದ್ದನಂತೆ. ಆ ಬೇಜಾರು ಅಪ್ಪಯ್ಯನಿಗೆ ಇವತ್ತಿಗೂ ಇದೆ. ಅಂತೂ ನೂರಾ ಒಂದು ರಾತ್ರಿಯ ಆಟಗಳು ಅಟ್ಟದ ಟ್ರಂಕಿನಲ್ಲಿ ಸೇರಿದವು. ಮಲೆನಾಡಿನ ಮಳೆಗೆ ಅವಕ್ಕೆ ಬೂಷ್ಟು ಹಿಡಿಯತೊಡಗಿತು.

ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಲು ಊರಿಗೆ ಬಂದ ನಾನು ಇವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತೇನೆಂದು ಹೊರಟೆ. ಈ ಕೆಲಸಕ್ಕೆ ಒಳದಾರಿ ಇಲ್ಲ. ಎಂಟು ತಾಸಿನ ಆಟ ಏರಿಸಲು ಎಂಟು ತಾಸೇ ಬೇಕು. ಅವಸರಕ್ಕೆ ಟೇಪನ್ನು ಜೋರಾಗಿ ಓಡಿಸಿ ನೋಡಿದೆ. ಭಾಗವತರು ಇಲಿಯಂತೆ ಕಿಚಗುಟ್ಟಿದರು, ಅಪ್ಪಯ್ಯ ಎದ್ದು ಬಂದು ಯಂತ್ರವನ್ನೇ ಬಂದ್ ಮಾಡಿದ. ಹಾಗಾಗಿ ವರ್ಷಗಟ್ಟಲೆ ಆಫೀಸಿನ ಮೀಟಿಂಗುಗಳ ಹಿಂದೆ ಚಂಡೆ ಮದ್ದಲೆ ಕೇಳುತ್ತಲೇ ಇತ್ತು. ಮ್ಯಾನೇಜರ್ ಒಮ್ಮೆ "ನಿಮ್ಮಲ್ಲಿ ಏನಾದರೂ ಕಟ್ಟಡದ ಕೆಲಸ ನಡೆದಿದೆಯಾ" ಎಂದು ಕೇಳಿದ್ದ.

ತೊಂಬತ್ತು ರಾತ್ರಿ ಮುಗಿದಾಗ ಲೆಕ್ಕ ಹಾಕಿದೆ: 62 ಜಿಬಿ. ಎಲ್ಲವೂ ಒಂದು ಕಪ್ಪು ಹಾರ್ಡ್ ಡಿಸ್ಕಿನಲ್ಲಿ. ಅದು ಮೇಜಿನ ಮೇಲಿಡುವ ದಪ್ಪ ಜಾತಿ, ಗೋಡೆಯ ಕರೆಂಟೇ ಬೇಕು. ಇಷ್ಟನ್ನು ಒಂದೇ ಕಡೆ ಇಡಬಾರದು ಎನ್ನುವ ಬುದ್ಧಿ ನನಗೆ ಬಂದದ್ದು ಆಯಿಯ ಅಪ್ಪೆಮಿಡಿಯಿಂದ. ಅವಳು ಉಪ್ಪಿನಕಾಯಿಯನ್ನು ಎಂದೂ ಒಂದೇ ಭರಣಿಯಲ್ಲಿ ಇಟ್ಟವಳಲ್ಲ. ಒಂದು ಅಡುಗೆಮನೆಯಲ್ಲಿ, ಒಂದು ಅಟ್ಟದ ಮೇಲೆ, ಒಂದು ಕುಮಟಾದ ಅಕ್ಕನ ಮನೆಯಲ್ಲಿ. "ಒಂದಕ್ಕೆ ನೀರು ಬಿದ್ರೆ ಇನ್ನೊಂದು ಇರ್ತು" ಎನ್ನುತ್ತಾಳೆ. ಆದರೆ ಅವಳು ಭರಣಿಯಿಂದ ಭರಣಿಗೆ ಕೈಯಲ್ಲೇ ತುಂಬುತ್ತಾಳೆ. ನಾನು ಕಂಪ್ಯೂಟರ್ ಓದಿದವನು, ಆರ್‌ಸಿಂಕ್ ಬಳಸಿದೆ.

ಆರ್‌ಸಿಂಕ್ ಎಂದರೆ 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಬರೆದ ಸಾಧನ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪಿಸಿದರೆ ಆಯಿತು. ಇಲ್ಲಿರುವುದನ್ನು ಅಲ್ಲಿರುವುದರ ಜೊತೆ ಹೋಲಿಸಿ ಬದಲಾದದ್ದನ್ನಷ್ಟೇ ಒಯ್ಯುತ್ತದೆ. ಬೇರೆ ಊರಿನ ಕಂಪ್ಯೂಟರಿಗೆ ಕಳಿಸುವಾಗಂತೂ ದೊಡ್ಡ ಫೈಲಿನೊಳಗೆ ಬದಲಾದ ತುಂಡನ್ನು ಮಾತ್ರ ಹೆಕ್ಕಿ ಕಳಿಸುವಷ್ಟು ಜಾಣ. ಆದರೆ ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಆಳು ಅದು. ನೀವು ಹೇಳಬೇಕೆಂದುಕೊಂಡದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲ ಏಟು ಓರೆಗೆರೆಯಿಂದ ಬಿತ್ತು. ಮೂಲದ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಓರೆಗೆರೆ ಹಾಕಿದರೆ ಭರಣಿಯಲ್ಲಿದ್ದದ್ದನ್ನು ಸುರುವು ಎಂದರ್ಥ. ಹಾಕದಿದ್ದರೆ ಭರಣಿಯನ್ನೇ ಒಯ್ದು ಇಡು ಎಂದರ್ಥ. ನಾನು ಹಾಕಲಿಲ್ಲ. 'ಯಕ್ಷಗಾನ'ದೊಳಗೆ ಇನ್ನೊಂದು 'ಯಕ್ಷಗಾನ' ಹುಟ್ಟಿತು. ಅಳಿಸಿ, ಗೆರೆ ಎಳೆದು, ಮತ್ತೆ ಓಡಿಸಿದೆ. ಹತ್ತೇ ನಿಮಿಷಕ್ಕೆ ಮುಗಿಯಿತು. ನನಗೆ ನನ್ನ ಮೇಲೇ ಅಭಿಮಾನ ಬಂತು.

ನಕಲಿಗೆಂದು ತಂದ ಪುಟ್ಟ ನೀಲಿ ಡಿಸ್ಕಿನ ವಯರು ಲ್ಯಾಪ್‌ಟಾಪಿಗೆ ಅರ್ಧ ಮಾತ್ರ ಸಿಕ್ಕಿಕೊಂಡಿತ್ತು ಎಂಬುದು ಕಣ್ಣಿಗೆ ಬಿದ್ದದ್ದು ಮರುದಿನ. ಸರಿಯಾಗಿ ಚುಚ್ಚಿ ನೋಡಿದರೆ ನೀಲಿ ಖಾಲಿ! ಏನೋ ಆಗಿಲ್ಲ ಎಂದುಕೊಂಡು ಮತ್ತೊಮ್ಮೆ ಓಡಿಸಿದೆ. ಈ ಸಲ ಮುಕ್ಕಾಲು ತಾಸು ಹಿಡಿಯಿತು. ನಿನ್ನೆ ಹತ್ತು ನಿಮಿಷಕ್ಕೆ ಆದದ್ದು ಇವತ್ತು ಯಾಕೆ ಇಷ್ಟು ಹೊತ್ತು ಎಂದು ಯೋಚಿಸುವವನಾಗಿದ್ದರೆ ಅಲ್ಲೇ ಯೋಚಿಸುತ್ತಿದ್ದ. ನನಗೆ ಕವಳ ಹಾಕುವ ಹೊತ್ತಾಗಿತ್ತು.

ಅವತ್ತಿನಿಂದ ನನ್ನ 128 ಜಿಬಿಯ ಲ್ಯಾಪ್‌ಟಾಪು ಜಾಗವಿಲ್ಲ, ಜಾಗವಿಲ್ಲ ಎಂದು ಕೂಗತೊಡಗಿತು. 'ಡಿಎಫ್' ಎಂಬ ಆದೇಶ ಕೇಳಿದರೆ ಡಿಸ್ಕು ತುಂಬಿದೆ ಎನ್ನುತ್ತದೆ. 'ಡಿಯು' ಎಂಬುದು ಫೋಲ್ಡರುಗಳನ್ನು ಒಂದೊಂದೇ ಎಣಿಸಿ, ಎಲ್ಲಿ ತುಂಬಿದೆ, ಅರ್ಧ ಖಾಲಿ ಎನ್ನುತ್ತದೆ. ಎರಡರ ನಡುವೆ 62 ಜಿಬಿ ವ್ಯತ್ಯಾಸ. ಅದೇ ಅಂಕಿಯನ್ನು ಹಿಂದೆ ಎಲ್ಲೋ ನೋಡಿದ ನೆನಪು ಕೂಡ ನನಗೆ ಆಗಲಿಲ್ಲ. ಹತ್ತು ತಿಂಗಳು ಜಾಗ ಹುಡುಕಿದೆ. ಅಳಿಯನ ಕಂಪ್ಯೂಟರ್ ಗೇಮುಗಳನ್ನು ತೆಗೆದೆ, ಅವನು ಮಾತು ಬಿಟ್ಟ. ನನ್ನ ಮದುವೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ದಾಟಿಸಿದೆ, ಹೆಂಡತಿ ಮಾತು ಬಿಟ್ಟಳು.

ಈ ನಡುವೆ ಹನ್ನೊಂದು ರಾತ್ರಿಯ ಆಟ ಬಾಕಿ ಇದ್ದದ್ದೂ ಏರಿತು. ದಿನಾ ಕೈಯಲ್ಲಿ ಆದೇಶ ಕೊಡುವುದು ಯಾರು? ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವಂತೆ, ಹೇಳಿದ ಹೊತ್ತಿಗೆ ಆದೇಶ ಓಡಿಸುವ ಕ್ರಾನ್ ಎಂಬ ಆಳಿಗೆ ಬರೆದಿಟ್ಟೆ. ಅಚ್ಚುಕಟ್ಟಾಗಿರಲೆಂದು ಡಿಲೀಟ್ ಎಂಬ ಬಾಲವನ್ನೂ ಅಂಟಿಸಿದೆ. ಮೂಲದಲ್ಲಿ ಇಲ್ಲದ್ದು ನಕಲಿನಲ್ಲೂ ಇರಕೂಡದು ಎಂದು ಅದರ ಕಟ್ಟಪ್ಪಣೆ. ಭಸ್ಮಾಸುರನ ಪ್ರಸಂಗವನ್ನು ಮೂರು ಸಲ ಏರಿಸಿದವನಿಗೆ ವರ ಕೊಡುವಾಗ ಒಂಚೂರು ಎಚ್ಚರ ಇರಬೇಕಿತ್ತು.

"ಇನ್ನು ಕ್ಯಾಸೆಟ್ಟು ಬೇಡ, ಎಲ್ಲ ಎರಡು ಕಡೆ ಇದೆ" ಎಂದು ಆಯಿಗೆ ಹೇಳಿದ್ದೂ ನಾನೇ. ಆಯಿಗೆ ಟ್ರಂಕು ಖಾಲಿಯಾಗುವುದೇ ಸಂತೋಷ. ಕ್ಯಾಸೆಟ್ಟಿನ ಟೇಪನ್ನು ಎಳೆದೆಳೆದು ಹಿತ್ತಿಲ ಬೇಲಿಗೂ ಮೊಗೆ ಬಳ್ಳಿಗೂ ಕಟ್ಟಿದಳು. ಅಪ್ಪಯ್ಯ ಜಗಲಿಯಲ್ಲಿ ಕೂತು ಅದನ್ನು ನೋಡಿದ, ಏನೂ ಅನ್ನಲಿಲ್ಲ, ಕವಳದ ಬಟ್ಟಲನ್ನು ತುಸು ಜೋರಾಗಿ ಮುಚ್ಚಿದ.

ಮೇ ತಿಂಗಳ ಒಂದು ಸಂಜೆ ಸೊಪ್ಪಿನ ಬೆಟ್ಟದ ಮೇಲೆ ಕಪ್ಪಾಯಿತು. "ತಮಾ, ಗುಡುಗ್ತಾ ಇದ್ದು, ಪ್ಲಗ್ಗೆಲ್ಲ ತೆಗೆದ್ಯನೋ?" ಎಂದಳು ಆಯಿ. ಟಿವಿ ತೆಗೆದೆ, ಮೋಡೆಮ್ ತೆಗೆದೆ, ಮಿಕ್ಸಿ, ಫ್ರಿಜ್ಜು, ಲ್ಯಾಪ್‌ಟಾಪಿನ ಚಾರ್ಜರ್ ಕೂಡ ತೆಗೆದೆ. ಮೇಜಿನ ಹಿಂದಿದ್ದ ಕಪ್ಪು ಡಿಸ್ಕು ನೆನಪಾದದ್ದು ತೋಟದ ಕಡೆ ಸಿಡಿಲು ಬಡಿದು ಕೋಣೆಯಲ್ಲಿ ಸುಟ್ಟ ವಾಸನೆ ಬಂದ ಮೇಲೆ.

ಕಪ್ಪು ಸತ್ತಿತ್ತು. ನಾನು ಗಾಬರಿಯಾಗಲಿಲ್ಲ. ಊಟಕ್ಕೆ ಕೂತಾಗ ಅಪ್ಪೆಹುಳಿ ಸೊರ್ ಎಂದು ಸುರಿದುಕೊಳ್ಳುತ್ತ, "ಚಿಂತೆ ಬೇಡ ಅಪ್ಪಯ್ಯ, ಎಲ್ಲ ನೀಲಿಯಲ್ಲಿದೆ" ಎಂದೆ. ಊಟವಾದ ಮೇಲೆ, ಕಂಪ್ಯೂಟರಿನವರು ಎಲ್ಲ ರೋಗಕ್ಕೂ ಕೊಡುವ ಕಷಾಯವೊಂದಿದೆಯಲ್ಲ, ಅದನ್ನೇ ಕೊಟ್ಟೆ: ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದೆ. ಮಲಗಿದೆ. ಒಳ್ಳೆಯ ನಿದ್ದೆ.

ಹಾಗೆ ಆರಿಸಿ ಹಚ್ಚದಿದ್ದರೆ ಉಳಿಯುತ್ತಿತ್ತು! ಮೂಲವನ್ನು ಓದುವಾಗ ದೋಷ ಕಂಡರೆ ಆರ್‌ಸಿಂಕ್ ಅಳಿಸುವ ಕೆಲಸವನ್ನು ತಾನೇ ಕೈಬಿಡುತ್ತದೆ, ಅಷ್ಟು ವಿವೇಕ ಅದಕ್ಕಿದೆ. ಆದರೆ ಹೊಸದಾಗಿ ಹಚ್ಚಿದ ಲ್ಯಾಪ್‌ಟಾಪಿಗೆ ಕಪ್ಪು ಡಿಸ್ಕು ಸಿಗಲೇ ಇಲ್ಲ. ಅದನ್ನು ಕೂರಿಸುತ್ತಿದ್ದ, ಅಂದರೆ ಅದರ ಫೈಲುಗಳು ಕಾಣಿಸಿಕೊಳ್ಳುತ್ತಿದ್ದ ಫೋಲ್ಡರ್ ಮಾತ್ರ ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು. ಖಾಲಿ ಫೋಲ್ಡರ್ ದೋಷವಲ್ಲ. ರಾತ್ರಿ ಎರಡಕ್ಕೆ ಕ್ರಾನ್ ಎದ್ದಿತು, ಮೂಲದಲ್ಲಿ ಏನೂ ಇಲ್ಲದ್ದನ್ನು ನೋಡಿತು, ನೀಲಿಯಲ್ಲಿ ನೂರಾ ಒಂದು ಆಟ ಇರುವುದು ನೋಡಿತು, ಇದೆಂಥ ಅವ್ಯವಸ್ಥೆ ಎಂದು ಎಲ್ಲವನ್ನೂ ಗುಡಿಸಿ ಹಾಕಿತು. ಡ್ರೈ ರನ್ ಎಂಬ ತಾಲೀಮು ಇದೆ, ಏನನ್ನೂ ಮುಟ್ಟದೆ ಏನು ಮಾಡುತ್ತೇನೆಂದು ಮೊದಲೇ ಹೇಳುತ್ತದೆ. ಇಷ್ಟಕ್ಕಿಂತ ಹೆಚ್ಚು ಅಳಿಸಬೇಡ ಎಂದು ಮಿತಿ ಹಾಕುವ ದಾರಿಯೂ ಇದೆ. ಎರಡನ್ನೂ ನಾನು ಓದಿಕೊಂಡದ್ದು ಮರುದಿನ ಬೆಳಿಗ್ಗೆ.

"ಎರಡ್ ಕಡೆ ಇದ್ದು ಹೇಳಿದ್ಯಲೋ?" ಎಂದ ಅಪ್ಪಯ್ಯ.

"ಇತ್ತು."

"ಈಗ?"

"ಎರಡೂ ಕಡೆ ಇಲ್ಲೆ."

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. ಹಿತ್ತಿಲ ಬಾಗಿಲಲ್ಲಿ ನಿಂತು ಬಳ್ಳಿಯ ಕಡೆ ನೋಡಿದ. ಗಾಳಿಗೆ ಕೀಚಕ ಫರಫರ ಎಂದ.

ಶಿರಸಿ ಪೇಟೆಗೆ ಕಪ್ಪನ್ನು ಹೊತ್ತುಕೊಂಡು ಹೋದೆ. ಅಂಗಡಿಯವರು ಅದನ್ನು ಕಿವಿಗೆ ಹಿಡಿದು, ತೆಂಗಿನಕಾಯಿಯ ಹಾಗೆ ಅಲುಗಿಸಿ, "ಇದು ಹೋತು ಹೆಗಡೇರೆ" ಎಂದರು. ಅಳಿಸಿಹೋದ ಫೈಲನ್ನು ನೀಲಿಯಿಂದ ಎಬ್ಬಿಸಬಹುದು, ಆದರೆ ಅಲ್ಲಿಯವರೆಗೆ ಅದರ ಮೇಲೆ ಏನೂ ಬರೆಯಬಾರದು ಎಂದು ಗೊತ್ತಿತ್ತು. ಮನೆಗೆ ಬಂದು ನೀಲಿಯನ್ನು ಇಳಿಸುವ ಆದೇಶ ಕೊಟ್ಟು ವಯರು ಕಿತ್ತೆ. ಆಮೇಲೆ, ಸತ್ತವರ ಖೋಲಿಗೆ ಸುಮ್ಮನೆ ಇಣುಕಿ ನೋಡುವ ಹಾಗೆ, ನೀಲಿ ಕೂರುತ್ತಿದ್ದ ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದೆ.

ಪರದೆಯ ತುಂಬ ಆಟಗಳು ಸುರಿದವು. ಒಂದರಿಂದ ತೊಂಬತ್ತು.

ವಯರು ನನ್ನ ಕೈಯಲ್ಲೇ ಇತ್ತು. ಡಿಸ್ಕು ಮೇಜಿನ ಮೇಲಿತ್ತು. ಇಲ್ಲದ ಡಿಸ್ಕಿನಲ್ಲಿ ಫೈಲು ಕಾಣುತ್ತಿರುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಅರ್ಥವಾಗಲು ಒಂದು ಲೋಟ ಚಹಾ ಬೇಕಾಯಿತು. ಮೊದಲ ದಿನ ವಯರು ಅರ್ಧ ಸಿಕ್ಕಿದ್ದಾಗ ಡಿಸ್ಕೇ ಇರಲಿಲ್ಲವಲ್ಲ, ಆರ್‌ಸಿಂಕ್ ಎಲ್ಲವನ್ನೂ ಲ್ಯಾಪ್‌ಟಾಪಿನ ಒಳಗೇ, ಅದೇ ಹೆಸರಿನ ಖಾಲಿ ಫೋಲ್ಡರಿಗೆ ಸುರಿದಿತ್ತು. ಹತ್ತು ನಿಮಿಷಕ್ಕೆ ಮುಗಿದದ್ದು ಅದಕ್ಕೆ. ಮರುದಿನ ನೀಲಿಯನ್ನು ಅದೇ ಫೋಲ್ಡರಿನ ಮೇಲೆ ತಂದು ಕೂರಿಸಿದೆ. ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಕಂಬಳಿ ಎಳೆದ ಹಾಗೆ. ಕಂಬಳಿ ಕಾಣುತ್ತದೆ, ಅಡಿಕೆ ಕಾಣುವುದಿಲ್ಲ, ಎಣಿಸಲು ಹೋದ ಡಿಯುಗೂ ಸಿಗುವುದಿಲ್ಲ. ಡಿಲೀಟ್ ಕೂಡ ಕಂಬಳಿಯನ್ನಷ್ಟೇ ಕೊಡವಿತ್ತು. ಹತ್ತು ತಿಂಗಳು ನಾನು ಬೈದುಕೊಂಡು ಹುಡುಕಿದ 62 ಜಿಬಿ ಕೆಳಗೆ ಬೆಚ್ಚಗೆ ಮಲಗಿತ್ತು. ಸಿಕ್ಕಿದ್ದರೆ ಆಗಲೇ ಅಳಿಸಿರುತ್ತಿದ್ದೆ.

ಆಮೇಲೆ ಏರಿಸಿದ ಹನ್ನೊಂದು ರಾತ್ರಿ ಮಾತ್ರ ಅದರಲ್ಲಿರಲಿಲ್ಲ. ನೀಲಿಯಿಂದ ಎಬ್ಬಿಸುವ ಪ್ರಯತ್ನ ಕೈಗೂಡಲಿಲ್ಲ. ಎಂಟು ರಾತ್ರಿಯ ಕ್ಯಾಸೆಟ್ಟುಗಳು ಆಯಿಯ ಕೈಗೆ ಸಿಗದೆ ಟ್ರಂಕಿನ ತಳದಲ್ಲಿ ಉಳಿದಿದ್ದವು; ಮತ್ತೆ ಅರವತ್ತನಾಲ್ಕು ತಾಸು, ಮ್ಯಾನೇಜರಿಗೆ ಮತ್ತೆ ಕಟ್ಟಡದ ಕೆಲಸ. ಮೂರು ರಾತ್ರಿ ಬಳ್ಳಿಯ ಮೇಲಿತ್ತು, ಅದರಲ್ಲಿ ಕೀಚಕನೂ ಇದ್ದ. ನಾನು ಮತ್ತು ಅಪ್ಪಯ್ಯ ಭಾನುವಾರ ಬೆಳಿಗ್ಗೆ ಹಿತ್ತಿಲಿಗೆ ಇಳಿದು, ಮುಳ್ಳಿಗೆ ಸಿಕ್ಕಿದ ಟೇಪನ್ನು ಒಂದೊಂದೇ ಮಾರು ಬಿಡಿಸಿ ಪೆನ್ಸಿಲಿಗೆ ಸುತ್ತತೊಡಗಿದೆವು. ಅಪ್ಪಯ್ಯ ಸುತ್ತುತ್ತ ಸುತ್ತುತ್ತ ಟೇಪನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ, ವೇಷ ಕಾಣುತ್ತದೋ ಎನ್ನುವಂತೆ.

ಆಯಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಂಗಾರೆ ನವಿಲು ಓಡ್ಸಲೆ ಎಂತ ಕಟ್ಟವು?"

ನಾನು ಒಳಗೆ ಹೋಗಿ ಸ್ಕ್ರೂ ಡ್ರೈವರ್ ತಂದೆ. ಕಪ್ಪು ಡಿಸ್ಕಿನ ಹೊಟ್ಟೆ ಬಿಚ್ಚಿದರೆ ಒಳಗೆ ಕನ್ನಡಿಯಂಥ ಎರಡು ಬಿಲ್ಲೆಗಳು. ಬಾಳೆನಾರಿನಲ್ಲಿ ಪೋಣಿಸಿ ಚಪ್ಪರಕ್ಕೆ ತೂಗುಬಿಟ್ಟೆ. ಬಿಸಿಲಿಗೆ ಫಳ್ ಎನ್ನುತ್ತವೆ. ಈ ವರ್ಷ ಮೊಗೆಕಾಯಿ ಚೆನ್ನಾಗಿ ಬಂದಿದೆ.