ಸ್ಟಾರ್ಮರ್ ಜನಪ್ರಿಯತೆ ಕುಸಿದದ್ದು ಕೈಯಾರೆ ಮಾಡಿಕೊಂಡದ್ದೇ?

ಪರ: ಹೌದು, ಮೊದಲ ತಿಂಗಳಲ್ಲೇ ಎಡವಿದರು

2024ರ ಜುಲೈ 5ರಂದು ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಬ್ರಿಟನ್ ಪ್ರಧಾನಿಯಾದರು. ಜುಲೈ 29ಕ್ಕೆ ಹಣಕಾಸು ಸಚಿವೆ ರೇಚಲ್ ರೀವ್ಸ್ ಖಜಾನೆಯಲ್ಲಿ 2,200 ಕೋಟಿ ಪೌಂಡ್ ಕೊರತೆಯಿದೆ ಎಂದರು. ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳಲು ವೃದ್ಧರಿಗೆ ಕೊಡುತ್ತಿದ್ದ 200ರಿಂದ 300 ಪೌಂಡ್ ನೆರವನ್ನು ಕಡುಬಡವರಿಗಷ್ಟೇ ಸೀಮಿತಗೊಳಿಸಿದರು. ಪ್ರಣಾಳಿಕೆಯಲ್ಲಿ ಇದರ ಸುಳಿವೇ ಇರಲಿಲ್ಲ. ಸುಮಾರು ಒಂದು ಕೋಟಿ ಪಿಂಚಣಿದಾರರು ಪಟ್ಟಿಯಿಂದ ಹೊರಬಿದ್ದರು.

ಗೆರೆ ಎಳೆದ ಜಾಗವನ್ನು ನೋಡಿ. ನೆರವು ಸಿಗಬೇಕಾದರೆ ಪೆನ್ಷನ್ ಕ್ರೆಡಿಟ್‌ನಂಥ ಬಡವರ ಭತ್ಯೆ ಬರುತ್ತಿರಬೇಕಿತ್ತು. ಒಂಟಿಯಾಗಿರುವವರಿಗೆ ಅದರ ಆದಾಯ ಮಿತಿ ಆಗ ವಾರಕ್ಕೆ 218.15 ಪೌಂಡ್. ಆ ವರ್ಷ ಪೂರ್ಣ ಪ್ರಮಾಣದ ಹೊಸ ಸರ್ಕಾರಿ ಪಿಂಚಣಿ 221.20 ಪೌಂಡ್. ಬೇರೆ ಯಾವ ಆದಾಯವೂ ಇಲ್ಲದೆ ಆ ಪಿಂಚಣಿಯೊಂದನ್ನೇ ನಂಬಿದ್ದ ಅಜ್ಜಿಯೊಬ್ಬರು ಮೂರು ಪೌಂಡ್ ಹೆಚ್ಚಾಯಿತೆಂದು ಪೂರ್ತಿ ನೆರವು ಕಳೆದುಕೊಂಡರು. ಆದಾಯ ಏರಿದಂತೆ ನೆರವು ಸ್ವಲ್ಪಸ್ವಲ್ಪವೇ ಇಳಿಯುವ ಏರ್ಪಾಡು ಮಾಡಬಹುದಿತ್ತು, ಮಾಡಲಿಲ್ಲ. ಉಳಿತಾಯವಾಗಬೇಕಿದ್ದದ್ದು ವರ್ಷಕ್ಕೆ ಸುಮಾರು 140 ಕೋಟಿ ಪೌಂಡ್. ಕೊರತೆಯ ಹದಿನೈದರಲ್ಲಿ ಒಂದು ಪಾಲೂ ಅಲ್ಲ.

ಸಂಸತ್ತು ಇದಕ್ಕೆ ಒಪ್ಪಿಗೆ ಕೊಟ್ಟದ್ದು ಸೆಪ್ಟೆಂಬರ್‌ನಲ್ಲಿ. ಸ್ಟಾರ್ಮರ್ ವಿರೋಧ ಪಕ್ಷದ ನಾಯಕರಾಗಿದ್ದಾಗ ಸಿರಿವಂತ ದಾನಿಯಿಂದ ಬಟ್ಟೆ, ಕನ್ನಡಕ ಪಡೆದ ಸುದ್ದಿ ಪತ್ರಿಕೆಗಳನ್ನು ತುಂಬಿದ್ದೂ ಅದೇ ತಿಂಗಳು. ಜನ ಎರಡನ್ನೂ ಜೋಡಿಸಿ ನೋಡಿದರು, ನೋಡಿದ್ದು ಸರಿಯೇ.

2025ರ ಜೂನ್‌ನಲ್ಲಿ ಚಳಿಗಾಲದ ನೆರವಿನ ಆದಾಯ ಮಿತಿಯನ್ನು ವರ್ಷಕ್ಕೆ 35,000 ಪೌಂಡ್‌ಗೆ ಏರಿಸಿ ನಿರ್ಧಾರವನ್ನು ಬಹುಪಾಲು ಹಿಂತೆಗೆದುಕೊಂಡರು. ಅಷ್ಟರಲ್ಲಿ ಚಳಿಗಾಲ ಕಳೆದಿತ್ತು. ಜುಲೈ 1ರಂದು ಅಂಗವಿಕಲರ ಭತ್ಯೆ ಕಡಿತದ ಮಸೂದೆಯ ಮುಖ್ಯ ಭಾಗವನ್ನು ಮತದಾನಕ್ಕೆ ಕೆಲವೇ ಗಂಟೆ ಮೊದಲು ಕೈಬಿಟ್ಟರು. ಆದರೂ ಸ್ವಪಕ್ಷದ 49 ಸಂಸದರು ವಿರುದ್ಧ ಮತ ಹಾಕಿದರು. ಹಣವೂ ಉಳಿಯಲಿಲ್ಲ, ಮಾತಿನ ಮೇಲಿನ ನಂಬಿಕೆಯೂ ಉಳಿಯಲಿಲ್ಲ.

ವಿರೋಧ: ಇಲ್ಲ, ಬುನಾದಿಯೇ ತೆಳುವಾಗಿತ್ತು

ತಪ್ಪುಗಳಾಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ತಪ್ಪುಗಳಿಗೆ ಇಡೀ ಕುಸಿತದ ಹೊಣೆ ಹೊರಿಸಲಾಗದು. 2017ರಲ್ಲಿ ಜೆರೆಮಿ ಕಾರ್ಬಿನ್ ನಾಯಕತ್ವದ ಲೇಬರ್ ಪಕ್ಷ ಶೇ 40ರಷ್ಟು ಮತ ಪಡೆದು ಸೋತಿತು. 2024ರಲ್ಲಿ ಅದೇ ಪಕ್ಷ ಶೇ 33.7 ಮತಕ್ಕೆ 650ರಲ್ಲಿ 411 ಸ್ಥಾನ ಗೆದ್ದಿತು. ಮತ ಹಾಕಿದ್ದು ಸುಮಾರು ಶೇ 60 ಮಂದಿ. ಹಾಗಾಗಿ ನೋಂದಾಯಿತ ಮತದಾರರಲ್ಲಿ ಐವರಿಗೆ ಒಬ್ಬರಷ್ಟೇ ಸ್ಟಾರ್ಮರ್ ಪಕ್ಷವನ್ನು ಆರಿಸಿದ್ದರು. ಬೆಂಗಳೂರಿನ ಅಳಿಯ ರಿಷಿ ಸುನಕ್ ಅವರ ಕನ್ಸರ್ವೇಟಿವ್ ಪಕ್ಷವನ್ನು 14 ವರ್ಷಗಳ ಬಳಿಕ ಕೆಳಗಿಳಿಸಬೇಕೆಂಬ ಹಟ ಆ ಮತಗಳಲ್ಲಿ ಬಹಳಷ್ಟಿತ್ತು. ಕೆಲಸ ಮುಗಿದ ಮೇಲೆ ಅಂಥ ಬೆಂಬಲ ಕರಗುವುದು ಸಹಜ.

ಜನಮನ್ನಣೆಯ ಅಂಕಿಯನ್ನೂ ಸರಿಯಾಗಿ ಓದಬೇಕು. ತೃಪ್ತರ ಪ್ರಮಾಣದಿಂದ ಅತೃಪ್ತರ ಪ್ರಮಾಣವನ್ನು ಕಳೆದರೆ ನಿವ್ವಳ ಅಂಕಿ ಬರುತ್ತದೆ. 2025ರ ಸೆಪ್ಟೆಂಬರ್‌ನ ಇಪ್ಸೋಸ್ ಸಮೀಕ್ಷೆಯಲ್ಲಿ ತೃಪ್ತರು ಶೇ 13, ಅತೃಪ್ತರು ಶೇ 79. ನಿವ್ವಳ ಮೈನಸ್ 66. ಅತೃಪ್ತಿಗೆ ಕಾರಣವೇನೆಂದು ಈ ಅಂಕಿ ಹೇಳುವುದಿಲ್ಲ. ವಲಸೆ ತಡೆಯಲಿಲ್ಲವೆಂದು ವಲಸೆ ವಿರೋಧಿ ರಿಫಾರ್ಮ್ ಪಕ್ಷದ ಕಡೆ ವಾಲಿದವರೂ, ಬಡ ಕುಟುಂಬದ ಮೊದಲ ಎರಡು ಮಕ್ಕಳಿಗಷ್ಟೇ ಭತ್ಯೆ ಎಂಬ ಮಿತಿಯನ್ನು ಆಗಿನ್ನೂ ತೆಗೆದಿರಲಿಲ್ಲವೆಂದು ಗ್ರೀನ್ ಪಕ್ಷದ ಕಡೆ ಹೊರಟವರೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ. ಒಬ್ಬರನ್ನು ಸಮಾಧಾನಪಡಿಸಿದರೆ ಇನ್ನೊಬ್ಬರು ಮುನಿಯುತ್ತಾರೆ.

ಹಣದ ಕಥೆ ಇನ್ನೂ ಬಿಗಿ. ಹಿಂದಿನ ಸರ್ಕಾರ ಚುನಾವಣೆಗೆ ಮೊದಲು ನೌಕರರ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯನ್ನು (ಪಿಂಚಣಿ ಮುಂತಾದ ಭತ್ಯೆಗಳಿಗಾಗಿ ಸಂಬಳದ ಮೇಲೆ ಕಟ್ಟುವ ಹಣ) ಶೇ 12ರಿಂದ 10ಕ್ಕೆ, ಅಲ್ಲಿಂದ 8ಕ್ಕೆ ಇಳಿಸಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬಾಕಿ ಉಳಿದ ಚಿಕಿತ್ಸೆಗಳ ಪಟ್ಟಿ 75 ಲಕ್ಷ ದಾಟಿತ್ತು. ದುಡಿಯುವ ಜನರ ಆದಾಯ ತೆರಿಗೆ, ವಂತಿಗೆ ಮತ್ತು ವ್ಯಾಟ್ ಏರಿಸುವುದಿಲ್ಲವೆಂದು ಲೇಬರ್ ಮಾತು ಕೊಟ್ಟಿತ್ತು. ಉಳಿದದ್ದು ಉದ್ಯೋಗದಾತರ ವಂತಿಗೆ: ಶೇ 13.8ರಿಂದ 15ಕ್ಕೆ ಏರಿತು, ಅದು ಅನ್ವಯಿಸುವ ವಾರ್ಷಿಕ ಸಂಬಳದ ಮಿತಿ 9,100 ಪೌಂಡ್‌ನಿಂದ 5,000ಕ್ಕೆ ಇಳಿಯಿತು. ಕಡಿಮೆ ಸಂಬಳದ ನೌಕರರನ್ನಿಟ್ಟುಕೊಂಡ ಹೋಟೆಲು, ವೃದ್ಧಾಶ್ರಮಗಳಿಗೇ ಪೆಟ್ಟು ಹೆಚ್ಚು. ಆ ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಆಸ್ಪತ್ರೆಗೆ ಹಣ ಹೊಂದಿಸಲು ಯಾರಾದರೊಬ್ಬರ ಜೇಬಿಗೆ ಕೈಹಾಕಲೇಬೇಕಿತ್ತು.