ಮಾಡ್ಯೂಲ್‌ಗಳನ್ನು ಒಂದೇ ಬಿಲ್ಡ್‌ನಲ್ಲಿ ನೇರವಾಗಿ ಜೋಡಿಸಬೇಕಾ?

ಪರ

ಗಂಗಾವತಿಯ ರೈಸ್ ಮಿಲ್ಲುಗಳಿಗೆ ನಾವು ಕೊಡುವ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಮಾಡ್ಯೂಲ್‌ಗಳಿವೆ: ತೂಕ, ಸ್ಟಾಕ್, ತೆರಿಗೆ, ಬಿಲ್ಲು. ಮೊದಲು ಒಂದೊಂದೂ ಬೇರೆ ಪ್ರಾಜೆಕ್ಟ್. ತೆರಿಗೆಯಲ್ಲಿ ಒಂದು ಸಾಲು ತಿದ್ದಿದರೂ ಮೇವನ್‌ನಲ್ಲಿ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ, ಅಂದರೆ ಬಿಲ್ಡ್ ಮಾಡುವ ಟೂಲ್) ಇನ್‌ಸ್ಟಾಲ್ ಕಮಾಂಡ್ ಕೊಡಬೇಕಿತ್ತು. ಆಗಲೇ ಹೊಸ ಜಾರ್ ಫೈಲು (ಬಿಲ್ಡ್ ಆದ ಕೋಡಿನ ಕಟ್ಟು) ನಮ್ಮ ಕಂಪ್ಯೂಟರಿನ ಡಾಟ್ ಎಂ2 ಫೋಲ್ಡರಿಗೆ ಹೋಗಿ ಕೂರುವುದು. ಮರೆತರೆ? ಬಿಲ್ಲು ಹಳೆಯ ಜಾರನ್ನೇ ಎತ್ತಿಕೊಂಡು ಸುಮ್ನೆ ಬಿಲ್ಡ್ ಆಗುತ್ತದೆ. ಎರರ್ ಕೂಡ ಇಲ್ಲ. ಸರಿಯಾಗಿದ್ದ ಕೋಡನ್ನೇ ನಾನೊಮ್ಮೆ ಅರ್ಧ ದಿನ ತಿದ್ದುತ್ತ ಕೂತಿದ್ದೆ.

ಆಮೇಲೆ ಗ್ರೇಡಲ್ ಅನ್ನುವ ಇನ್ನೊಂದು ಬಿಲ್ಡ್ ಟೂಲಿಗೆ ಬಂದೆವು. ಸೆಟ್ಟಿಂಗ್ಸ್ ಫೈಲಿನಲ್ಲಿ ನಾಲ್ಕೂ ಹೆಸರು, ಬಿಲ್ಲಿನ ಬಿಲ್ಡ್ ಫೈಲಿನಲ್ಲಿ 'ತೆರಿಗೆ ಪ್ರಾಜೆಕ್ಟ್ ಬೇಕು' ಅಂತ ಒಂದು ಸಾಲು. ಯಾವುದು ಮೊದಲು ಅಂತ ಅದೇ ನೋಡಿಕೊಳ್ಳುತ್ತದೆ. (ಮೇವನ್‌ನಲ್ಲೂ ಪೇರೆಂಟ್ ಪಾಮ್ ಅನ್ನುವ ಒಂದು ಮೇಲಿನ ಫೈಲು ಇಟ್ಟು ಮಾಡಬಹುದಿತ್ತು. ನಾವು ಮಾಡಿರಲಿಲ್ಲ, ಅಷ್ಟೆ.) 2022ರ ಜುಲೈ 18ರಿಂದ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಅಕ್ಕಿ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂತಲ್ಲ, ಆಗ ಇದರ ಬೆಲೆ ಗೊತ್ತಾಯಿತು. ತೆರಿಗೆ ಲೆಕ್ಕಕ್ಕೆ ಚೀಲದ ತೂಕವನ್ನೂ ಕೊಡಬೇಕಾಯಿತು. ಫಂಕ್ಷನ್ ಬದಲಿಸಿದ್ದೇ ತಡ, ಅದನ್ನು ಕರೆಯುವ ಜಾಗಗಳೆಲ್ಲ ಎರರ್ ಬಂದು ಕೆಂಪಾದವು. ಹುಡುಕುವ ಕೆಲಸವೇ ಇರಲಿಲ್ಲ.

ವಿರೋಧ

ಕೋಡ್ ಬರೆಯುವವರ ಟೇಬಲ್ಲಿಗೆ ಅದು ಸರಿ. ನಾನು ಮಿಲ್ಲಿಗೆ ಹೋಗಿ ಇನ್‌ಸ್ಟಾಲ್ ಮಾಡುವವನು. ಸುಗ್ಗಿಯಲ್ಲಿ ಕಾಟಾದ ಮುಂದೆ ಭತ್ತದ ಲಾರಿಗಳು ಸಾಲು ನಿಂತಿರುತ್ತವೆ. 'ಬಿಲ್ಲಿನ ತಪ್ಪೊಂದು ಸರಿ ಮಾಡ್ರಿ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ' ಅಂತಾರೆ ಮಾಲೀಕರು. ನೇರ ಜೋಡಿಸಿದ ಬಿಲ್ಡ್‌ನಲ್ಲಿ ಅದು ಕಷ್ಟ. ಸ್ಟಾಕ್‌ನಲ್ಲಿ ಅರ್ಧಕ್ಕೆ ನಿಂತ ಕೆಲಸವೂ ಜೊತೆಗೇ ಹೊರಡುತ್ತದೆ. ಗಿಟ್ ಟ್ಯಾಗ್, ಅಂದರೆ ಹಳೆ ಕೋಡಿಗೆ ಹಾಕಿಟ್ಟ ಗುರುತು, ಇದೆಯಲ್ಲ ಅನ್ನಬಹುದು. ಪ್ರತಿ ಮಿಲ್ಲಿಗೊಂದು ಹಳೆ ಟ್ಯಾಗ್ ಹಿಡಿದು, ಅಲ್ಲಿ ತಿದ್ದಿ, ಮತ್ತೆ ಇಲ್ಲಿಗೂ ತರುವವರು ಯಾರು? ತೆರಿಗೆ 2.1, ಸ್ಟಾಕ್ 1.4 ಅಂತ ಆವೃತ್ತಿ ನಂಬರ್ ಇದ್ದರೆ ಬಿಲ್ಲೊಂದನ್ನೇ ಬದಲಿಸಿ ಬರಬಹುದು.

ಇನ್ನು ಆ ಹಳೆ ಜಾರಿನ ಕಥೆ. ಮಾಡ್ಯೂಲ್ ಬೇರೆ ಇಟ್ಟಿದ್ದಕ್ಕೆ ಆದ ಎಡವಟ್ಟಲ್ಲ ಅದು. ಒಂದೇ ನಂಬರಿನ ಮೇಲೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದ್ದಕ್ಕೆ ಆಗಿದ್ದು. 2.1 ಅನ್ನು 2.2 ಮಾಡಿ, ಬಿಲ್ಲಿನಲ್ಲಿ 2.2 ಕೇಳಿ, ಇನ್‌ಸ್ಟಾಲ್ ಮರೆತಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತಿತ್ತು. ಸ್ನ್ಯಾಪ್‌ಶಾಟ್ (ಹೆಸರು ಅದೇ ಇದ್ದು ಒಳಗಿನ ಕೋಡು ಬದಲಾಗುತ್ತಲೇ ಇರುವ ಆವೃತ್ತಿ) ಅನ್ನುವುದನ್ನು ನಾನು ನಂಬರ್ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ.

ದಿನಾ ತಿದ್ದುವಾಗ ಇದು ಕಿರಿಕಿರಿ, ಒಪ್ಪುತ್ತೇನೆ. ಅದಕ್ಕೇ 2016ರಲ್ಲಿ ಗ್ರೇಡಲ್ 3.1 ಕಾಂಪೊಸಿಟ್ ಬಿಲ್ಡ್ ತಂದಿತು. ಇನ್‌ಕ್ಲೂಡ್‌ಬಿಲ್ಡ್ ಅಂತ ಒಂದು ಸಾಲು ಹಾಕಿದರೆ ಜಾರಿನ ಬದಲು ಪಕ್ಕದ ಫೋಲ್ಡರಿನ ಕೋಡೇ ಬರುತ್ತದೆ. ಟೇಬಲ್ ಮೇಲೆ ಧಾರಾಳವಾಗಿ ಹಾಕಿಕೊಳ್ಳಲಿ. ಮಿಲ್ಲಿಗೆ ಒಯ್ಯುವ ಬಿಲ್ಡ್‌ನಲ್ಲಿ ಮಾತ್ರ ಆ ಸಾಲು ನನಗೆ ಕಾಣಬಾರದು.