ನಮ್ಮ ಬಟ್ಟಲಲ್ಲಿರುವುದು ಹೆಂಡವಲ್ಲ

ಒಂದು ವಾರದಿಂದ ಶಿವಮೊಗ್ಗದ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಮೆಥೋಡಿಸ್ಟ್ ಚರ್ಚ್‌ನಲ್ಲಿ ಪೂಜೆಯ ಹೆಸರಲ್ಲಿ ಹೆಂಡ ಕುಡಿಸುತ್ತಾರೆ.' ಇದು ಸುಳ್ಳು. ಮೆಥೋಡಿಸ್ಟರೆಂದರೆ ಕ್ರೈಸ್ತರಲ್ಲಿ ಒಂದು ಪಂಗಡ, ನಾವು ಆ ಪಂಗಡದವರು.

ಕರ್ತನ ಭೋಜನಕ್ಕೆ, ಅಂದರೆ ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟವನ್ನು ನೆನೆಯುವ ಆಚರಣೆಗೆ, ನಾವು ಕೊಡುವುದು ದ್ರಾಕ್ಷಿ ಹಣ್ಣಿನ ರಸ. ಹಿಂದಿನ ದಿನ ಸಂಜೆ ನಮ್ಮಲ್ಲೇ ಒಬ್ಬರು ಕಪ್ಪು ದ್ರಾಕ್ಷಿ ತೊಳೆದು, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಗೆ ಹತ್ತಿದ ನೇರಳೆ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬೆಳಿಗ್ಗೆ ಒಬ್ಬೊಬ್ಬರಿಗೆ ಸಿಗುವುದು ಹೆಬ್ಬೆರಳು ಗಾತ್ರದ ಲೋಟದಲ್ಲಿ ಒಂದು ಗುಟುಕು, ಜೊತೆಗೆ ಒಂದು ಚೂರು ರೊಟ್ಟಿ. ಅಷ್ಟೇ.

ಗೊಂದಲ ಹುಟ್ಟಿದ್ದು 'ದ್ರಾಕ್ಷಾರಸ' ಅನ್ನೋ ಪದದಿಂದ ಅನ್ನಿಸುತ್ತದೆ. ಕನ್ನಡ ಬೈಬಲ್‌ನಲ್ಲಿ ವೈನ್‌ಗೂ ಅದೇ ಪದ ಇದೆ. ವೈನ್ ಬಳಸುವ ಚರ್ಚ್‌ಗಳೂ ಇವೆ, ಅದು ಅವರ ಪದ್ಧತಿ, ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಮೆಥೋಡಿಸ್ಟರಲ್ಲಿ ಕುಡಿತದ ವಿರೋಧ ಹಳೆಯದು. ಈ ಪಂಗಡ ಹುಟ್ಟುಹಾಕಿದ ಜಾನ್ ವೆಸ್ಲಿ 1743ರಲ್ಲೇ ತಮ್ಮ ಸಂಘಗಳಿಗೆ ಬರೆದ ನಿಯಮಗಳಲ್ಲಿ ಕುಡಿದು ಅಮಲೇರುವುದು, ಸಾರಾಯಿ ಮಾರುವುದು ಬೇಡ ಎಂದಿದ್ದರು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ದ್ರಾಕ್ಷಿ ರಸ ಹುಳಿಯದಂತೆ ಕಾಯಿಸಿಡುವ ದಾರಿ ಕಂಡುಕೊಂಡಿದ್ದು ಇದೇ ಭೋಜನಕ್ಕಾಗಿ. ಅವರೂ ಮೆಥೋಡಿಸ್ಟರೇ.

ಇನ್ನೊಂದು ಮಾತು, 'ಬಾಗಿಲು ಹಾಕಿಕೊಳ್ಳುತ್ತಾರೆ' ಅಂತ. ಜೋರು ಮಳೆಯಲ್ಲಿ ಇರಚಲು ಹೊಡೆಯುತ್ತದೆ, ಮಲೆನಾಡಿನವರಿಗೆ ಗೊತ್ತಿರೋದೇ ಅಲ್ವಾ? ಅದಕ್ಕೇ ಹಾಕುತ್ತೇವೆ. ಚಿಲಕ ಹಾಕುವುದಿಲ್ಲ. ಅನುಮಾನ ಇದ್ದವರು ಭಾನುವಾರ ಬಂದು ಹಿಂದಿನ ಬೆಂಚಲ್ಲಿ ಕುಳಿತು ನೋಡಬಹುದು. ಆರಾಧನೆ ಮುಗಿದ ಮೇಲೆ ಕಾಫಿ ಇರುತ್ತದೆ.